ಅಭಿಮಾನಿ ಎಂದರೆ ಯಾರು? ಗಡಿನಾಡಿನಿಂದ ಒಂದು ಟಿಪ್ಪಣಿ



ಸಿನಿಮಾ ಅಭಿಮಾನಿಗಳೆಂದರೆ ಓದಿದವರು ಮೂಗು ಮುರಿಯುವುದೇ ಹೆಚ್ಚು. ಕಟೌಟಿಗೆ ಹಾಲು ಸುರಿಯುವವರು, ಟಿಕೆಟ್ ಸಾಲಿನಲ್ಲಿ ಜಗಳವಾಡುವವರು, ಕೆಲಸವಿಲ್ಲದವರು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಈ ಅಭಿಮಾನಿಗಳನ್ನೇ ಅಧ್ಯಯನ ಮಾಡುವ ಒಂದು ಶಾಖೆ ವಿಶ್ವವಿದ್ಯಾಲಯಗಳಲ್ಲಿ ಬೆಳೆದು ನಿಂತಿದೆ. ಗಡಿಯಲ್ಲಿ ಕನ್ನಡ ಕಲಿಸುವ ನಮಗೆ ಅದರಿಂದ ತಿಳಿಯಬೇಕಾದದ್ದು ಇದೆ, ಅದಕ್ಕೆ ಸೇರಿಸಬೇಕಾದದ್ದೂ ಇದೆ.

ಮೊದಲು ಪದವನ್ನೇ ನೋಡೋಣ. ಇಂಗ್ಲಿಷಿನ ‘ಫ್ಯಾನ್’ ಬಂದದ್ದು ‘ಫೆನಾಟಿಕ್’ ಎಂಬುದರಿಂದ. ಅದರ ಬೇರು ಗುಡಿ ಎಂಬ ಅರ್ಥದ ಲ್ಯಾಟಿನ್ ಪದ. ಗುಡಿಯಲ್ಲಿ ಮೈಮರೆತವನು ಎಂಬ ಧ್ವನಿ ಅದರಲ್ಲಿದೆ. ನಮ್ಮ ‘ಅಭಿಮಾನ’ದಲ್ಲಾದರೋ ಪ್ರೀತಿಯ ಜೊತೆಗೆ ಸ್ವಂತ ಮಾನವೂ ಇದೆ. ಡಾ. ರಾಜ್‌ಕುಮಾರ್ ‘ಅಭಿಮಾನಿ ದೇವರುಗಳು’ ಎಂದು ಕರೆದು ಭಕ್ತನನ್ನೇ ಗರ್ಭಗುಡಿಯೊಳಗೆ ಕೂರಿಸಿದರು!

1992ರಲ್ಲಿ ಅಮೆರಿಕದ ಹೆನ್ರಿ ಜೆಂಕಿನ್ಸ್ ಟಿವಿ ಧಾರಾವಾಹಿಗಳ ಅಭಿಮಾನಿಗಳ ಬಗ್ಗೆ ಪುಸ್ತಕ ಬರೆದರು. ಅಭಿಮಾನಿ ಕೊಟ್ಟದ್ದನ್ನು ನುಂಗುವವನಲ್ಲ, ಅದರಿಂದ ತನ್ನದೇ ಕಥೆ ಕಟ್ಟುವವನು ಎಂದರು. ಅದೇ ವರ್ಷ ಎಂ.ಎಸ್.ಎಸ್. ಪಾಂಡಿಯನ್, ಎಂಜಿಆರ್ ಅವರನ್ನು ಬಡವರು ಏಕೆ ಅಷ್ಟೊಂದು ನಂಬಿದರು ಎಂದು ಕಟುವಾಗಿಯೇ ಕೇಳಿದರು. 1993ರಲ್ಲಿ ಸಾರಾ ಡಿಕಿ ಮಧುರೈನ ಬಡ ಪ್ರೇಕ್ಷಕರನ್ನೂ ಅಭಿಮಾನಿ ಸಂಘಗಳನ್ನೂ ಕುರಿತು ಬರೆದರು. ಎಸ್.ವಿ. ಶ್ರೀನಿವಾಸ್ ಚಿರಂಜೀವಿ ಅಭಿಮಾನಿಗಳನ್ನು ಅಧ್ಯಯನ ಮಾಡಿ, ಅವರ ಭಕ್ತಿಯೊಳಗೇ ಒಂದು ಹಟವೂ ಇದೆ ಎಂದು ತೋರಿಸಿದರು. ನಾಯಕ ಹೀಗೇ ಇರಬೇಕು ಎಂದು ಅಭಿಮಾನಿಯೂ ಷರತ್ತು ಹಾಕುತ್ತಾನೆ. ಎಂ. ಮಾಧವ ಪ್ರಸಾದ್ ತಮ್ಮ 2014ರ ಪುಸ್ತಕದಲ್ಲಿ ಎಂಜಿಆರ್, ಎನ್‌ಟಿಆರ್, ರಾಜ್‌ಕುಮಾರ್ ಮೂವರನ್ನೂ ಒಟ್ಟಿಗೆ ಇಟ್ಟು ನೋಡಿದರು.

ಈಗ ನಮ್ಮ ಸೀಮೆಗೆ ಬರೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲೇ ಇತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.

ಗಡಿ ಎಳೆದ ಮರುವರ್ಷವೇ, 1954ರಲ್ಲಿ, ‘ಬೇಡರ ಕಣ್ಣಪ್ಪ’ ಬಂತು. ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಯಿತು. ಎರಡರಲ್ಲೂ ರಾಜ್‌ಕುಮಾರ್ ಅವರೇ ಕಣ್ಣಪ್ಪ! ಕೃಷ್ಣದೇವರಾಯನೂ ಹಾಗೆಯೇ ಎರಡು ಮುಖ ಪಡೆದ. 1962ರ ತೆಲುಗಿನ ‘ಮಹಾಮಂತ್ರಿ ತಿಮ್ಮರುಸು’ವಿನಲ್ಲಿ ಆ ರಾಯ ಎನ್‌ಟಿಆರ್, 1970ರ ಕನ್ನಡದ ‘ಶ್ರೀ ಕೃಷ್ಣದೇವರಾಯ’ದಲ್ಲಿ ರಾಜ್‌ಕುಮಾರ್. ಎರಡೂ ಭಾಷೆ ಬಲ್ಲ ನಮ್ಮವರಿಗೆ ಇಬ್ಬರೂ ಸ್ವಂತದವರೇ.

ಆಮೇಲೆ ಬಂತು 1982. ಆ ವರ್ಷದ ಮಾರ್ಚ್ 29ರಂದು ಎನ್‌ಟಿಆರ್ ತೆಲುಗು ದೇಶಂ ಕಟ್ಟಿದರು, 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. ಮಡಕಶಿರಾದ ನೆರೆಯ ಹಿಂದೂಪುರ 1985, 1989, 1994ರಲ್ಲಿ ಅವರನ್ನೇ ಗೆಲ್ಲಿಸಿತು. ಅದೇ 1982ರಲ್ಲಿ ರಾಜ್‌ಕುಮಾರ್ ಗೋಕಾಕ್ ಚಳವಳಿಗೆ ಇಳಿದರು. ಅಭಿಮಾನಿಗಳು ಅವರ ಹಿಂದೆ ಬೀದಿಗೆ ಬಂದರು. ಆದರೆ ರಾಜ್‌ಕುಮಾರ್ ಚುನಾವಣೆಗೆ ನಿಲ್ಲಲಿಲ್ಲ. ಒಬ್ಬರ ಅಭಿಮಾನ ಮತವಾಯಿತು, ಇನ್ನೊಬ್ಬರದು ಭಾಷೆಯ ಹೋರಾಟವಾಯಿತು. ಮತಗಟ್ಟೆ ನಮ್ಮ ಕಡೆ, ಹೋರಾಟದ ಬೀದಿ ಆಚೆ ಕಡೆ. ನಾವು ನಡುವೆ!

ಅಭಿಮಾನವೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಗಲಭೆಯಾಗಿ ಒಬ್ಬ ಪೊಲೀಸ್ ಪೇದೆಯೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಆದರೆ ಅದೇ ರಾಜ್‌ಕುಮಾರ್ ಕಣ್ಣು ದಾನ ಮಾಡಿದ್ದರು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಅವರ ಕಣ್ಣುಗಳೂ ದಾನವಾದವು, ಅದನ್ನು ಕಂಡು ಬಹಳ ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಿದರು. ಕಲ್ಲು ತೂರಿದ್ದನ್ನು ಮಾತ್ರ ಬರೆದರೆ ಚರಿತ್ರೆ ಅರ್ಧವಾಗುತ್ತದೆ.

ಇಷ್ಟೆಲ್ಲ ಅಧ್ಯಯನ ನಡೆದರೂ ಅದರ ಕಣ್ಣು ಹೆಚ್ಚಾಗಿ ಒಂದೊಂದು ಭಾಷೆಯ ನಡುಮನೆಯ ಮೇಲೆ. ಹೊಸ್ತಿಲ ಮೇಲೆ ಕುಳಿತವರ ಕಡೆಗೆ ಅದು ಕಡಿಮೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಎರಡೂ ಭಾಷೆಯ ನಾಯಕರಿಗೆ ಚಪ್ಪಾಳೆ. ಇಂಥವನನ್ನು ಯಾವ ಭಾಷೆಯ ಅಭಿಮಾನಿ ಎಂದು ಲೆಕ್ಕ ಹಾಕುತ್ತೀರಿ? ಇಲ್ಲಿ ಕನ್ನಡ ಉಳಿದದ್ದು ಶಾಲೆಯಿಂದ ಮಾತ್ರವಲ್ಲ. ಶಾಲೆಗೆ ಹೋಗದವರ ನಾಲಿಗೆಯ ಮೇಲೆ ಅದನ್ನು ಉಳಿಸಿದ್ದರಲ್ಲಿ ಸಿನಿಮಾ ಹಾಡು, ಸಂಭಾಷಣೆಗಳ ಪಾಲು ದೊಡ್ಡದು. ಅಕ್ಷರ ಬಾರದ ಅಜ್ಜಿಯೂ ರಾಜ್‌ಕುಮಾರ್ ಮಾತನ್ನು ತಪ್ಪಿಲ್ಲದೆ ಒಪ್ಪಿಸುತ್ತಾಳೆ. ಇದೂ ಕನ್ನಡದ ಚರಿತ್ರೆಯೇ ಅಲ್ಲವೇ?

ರಾಯರ ಶಾಸನ ಕಲ್ಲಿನ ಮೇಲಿದೆ, ಉಳಿಯುತ್ತದೆ. ಅಭಿಮಾನಿ ಸಂಘದ ರಸೀದಿ, ಕರಪತ್ರ, ಹಳದಿ ಬಿದ್ದ ಪದ್ಯಾವಳಿ ಪುಸ್ತಕ, ಗುಂಪು ಫೋಟೋ ಇವೆಲ್ಲ ಹಳೇ ಪೇಪರಿನ ಜೊತೆ ತೂಕಕ್ಕೆ ಹೋಗುತ್ತಿವೆ. ಅವುಗಳ ಜೊತೆ ಆ ತಲೆಮಾರಿನ ನೆನಪೂ ಹೋಗುತ್ತಿದೆ. ರಾಯದುರ್ಗ, ಮಡಕಶಿರಾ ಕಡೆಯ ಬಂಧುಗಳೇ, ನಿಮ್ಮ ಅಟ್ಟದಲ್ಲಿ ಅಂಥದ್ದೇನಾದರೂ ಇದ್ದರೆ ದಯವಿಟ್ಟು ತೆಗೆದಿಡಿ, ಹಿರಿಯರನ್ನು ಕೇಳಿ ಹಿಂಭಾಗದಲ್ಲಿ ಹೆಸರು, ಇಸವಿ ಬರೆದಿಡಿ. ಮುಂದೆ ನಮ್ಮ ಮಕ್ಕಳಲ್ಲೊಬ್ಬರು ಇದನ್ನು ಸಂಶೋಧನೆ ಮಾಡಲು ಹೊರಟರೆ ಅವರಿಗೆ ಆಧಾರ ಬೇಕಲ್ಲ.