ಧಾರವಾಡದ ಬಾಗಿಲಿನಿಂದ ಮಾಲೂರಿನ ಗುಂಡಿಯವರೆಗೆ

ಊರಲ್ಲಿ ಡಂಗುರ ಸಾರುವುದು ನಮ್ಮವರ ಪಾಲಿನ ಕೆಲಸವಾಗಿತ್ತು. ತೇರಿನ ಸುದ್ದಿ, ಕಂದಾಯದ ಸುದ್ದಿ, ತೂಬು ಎತ್ತುವ ಸುದ್ದಿ, ಅಮಲ್ದಾರರು ಬರುವ ಸುದ್ದಿ, ಎಲ್ಲವನ್ನೂ ನಮ್ಮ ತಾತಂದಿರು ತಮಟೆ ಬಡಿದು ಊರಿಗೆಲ್ಲ ಮುಟ್ಟಿಸಿದರು. ಆದರೆ ಇಸ್ಕೂಲಿನ ಸುದ್ದಿಯನ್ನು ಕೇರಿಗೆ ಮುಟ್ಟಿಸಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಊರಿಗೆಲ್ಲ ಸುದ್ದಿ ಸಾರಿದ ಕೈಗೆ ತನ್ನ ಮಗುವಿನ ಸುದ್ದಿಯೇ ಸಿಗಲಿಲ್ಲ. ಈ ಮಾತಿನಿಂದಲೇ ನಾವು ಶುರು ಮಾಡಬೇಕಾಗಿದೆ.

ಈಗ ಎಲ್ಲ ಕಡೆ ಶಾಲಾ ಮಕ್ಕಳ ಸುರಕ್ಷತೆಯ ಮಾತು ನಡೆದಿದೆ. ಕಾಂಪೌಂಡು ಕಟ್ಟಿ, ಗೇಟು ಹಾಕಿ, ಕ್ಯಾಮೆರಾ ಕೂರಿಸಿ ಅನ್ನುತ್ತಾರೆ. ಬೇಡವೆನ್ನುವವರು ನಾವಲ್ಲ. ಆದರೆ ಈ ನೆಲದ ಚರಿತ್ರೆ ಬಲ್ಲವರು ಒಂದು ಪ್ರಶ್ನೆ ಕೇಳಲೇಬೇಕು. ಇಷ್ಟು ಕಾಲ ಶಾಲೆ ಯಾರನ್ನು ಯಾರಿಂದ ಕಾಪಾಡಿಕೊಂಡು ಬಂತು?

ಮೊದಲು ದಾರಿ. 1848ರಲ್ಲಿ ಪುಣೆಯ ಭಿಡೆವಾಡದಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ಆಮೇಲೆ ಮಹಾರ್, ಮಾಂಗ್ ಮಕ್ಕಳಿಗೂ ತೆರೆದರು. ಪಾಠ ಹೇಳಲು ಹೊರಟ ಸಾವಿತ್ರಿಬಾಯಿಯ ಮೇಲೆ ಸನಾತನಿಗಳು ಸಗಣಿ ಎಸೆದರು, ಕಲ್ಲು ಎಸೆದರು. ಆ ತಾಯಿ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು. ಟೀಚರಿಗೇ ದಾರಿಯಲ್ಲಿ ರಕ್ಷಣೆ ಇಲ್ಲದ ಮೇಲೆ ಮಕ್ಕಳ ಪಾಡೇನು?

ಆಮೇಲೆ ಬಾಗಿಲು. ಇದು ನಮ್ಮ ಧಾರವಾಡದ ಕತೆ. 1854ರಲ್ಲಿ ಚಾರ್ಲ್ಸ್ ವುಡ್ಡನ ಶಿಕ್ಷಣ ಆದೇಶ ಬಂತು. ಸಾಮಾನ್ಯ ಜನರಿಗೂ ಓದು ಕಲಿಸುವುದು ಸರ್ಕಾರದ ಹೊಣೆ ಎಂದು ಅದರಲ್ಲಿ ಹೇಳಿತ್ತು. ಎರಡು ವರ್ಷದ ಮೇಲೆ, 1856ರ ಜೂನ್ ತಿಂಗಳಲ್ಲಿ, ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲವೆಂದು ಒಬ್ಬ ಮಹಾರ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಚರಿತ್ರೆಯ ಪುಸ್ತಕಗಳು ಅವನನ್ನು 'ಮಹಾರ ಹುಡುಗ' ಎಂದಷ್ಟೇ ಕರೆಯುತ್ತವೆ. ದೊರೆಗಳ ಹೆಸರು ಉಳಿಯಿತು, ಅವರ ಹುದ್ದೆ ಉಳಿಯಿತು, ಬಾಗಿಲು ತಟ್ಟಿದವನಿಗೆ ಜಾತಿಯೊಂದೇ ಹೆಸರಾಯಿತು.

ಸರ್ಕಾರ ಏನು ಹೇಳಿತು ಗೊತ್ತೇ? ನ್ಯಾಯವೇನೋ ಹುಡುಗನ ಕಡೆಗೇ ಇದೆ ಎಂದು ಒಪ್ಪಿಕೊಂಡಿತು. ಆದರೆ ಇವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರು ಬಿಟ್ಟು ಹೋಗುತ್ತಾರೆ, ಶಾಲೆ ಬಹುಜನರಿಗೆ ಉಪಯೋಗವಿಲ್ಲದ್ದಾಗುತ್ತದೆ, ಆದ್ದರಿಂದ ಆಗದು ಎಂದಿತು. ಕಲ್ಕತ್ತೆಯ ಹಿರಿಯ ಸರ್ಕಾರ 1857ರಲ್ಲಿ ಇದನ್ನು ಒಪ್ಪಲಿಲ್ಲ. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ಜಾತಿಯವರಿಗೂ ಸೇರಿದ್ದು ಎಂದು ಬರೆದರು. ಕಾಗದ ಧಾರವಾಡದಿಂದ ಮುಂಬಯಿಗೆ, ಕಲ್ಕತ್ತೆಗೆ, ಲಂಡನ್ನಿಗೆ ಓಡಾಡಿತು. 1882ರಲ್ಲಿ ಹಂಟರ್ ಆಯೋಗ ಬಂದು, ಜಾತಿಯ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂಬ ಅದೇ ಮಾತನ್ನು ಮತ್ತೆ ಹೇಳಿತು. ಜೊತೆಗೇ, ಜಾರಿ ಮಾಡುವಾಗ ಹುಷಾರಾಗಿರಿ ಎಂದೂ ಹೇಳಿತು.

ಈ 'ಹುಷಾರು' ಅನ್ನುವ ಮಾತನ್ನು ಗಮನಿಸಿ ಗೆಳೆಯರೇ. ಹುಷಾರು ಯಾರ ಬಗ್ಗೆ? ಹುಡುಗನಿಗೆ ಏಟು ಬಿದ್ದೀತು ಎಂದಲ್ಲ. ಉಳಿದವರಿಗೆ ಸಿಟ್ಟು ಬಂದೀತು ಎಂದು! ಮೇಲ್ಜಾತಿಯ ಸಿಟ್ಟಿನಿಂದ ಶಾಲೆಯನ್ನು ಕಾಪಾಡಲು ನಮ್ಮ ಕೂಸನ್ನು ಹೊರಗೆ ನಿಲ್ಲಿಸಲಾಯಿತು. ಈ ದೇಶದ ಸರ್ಕಾರಿ ಶಾಲೆಯಲ್ಲಿ ಸುರಕ್ಷತೆ ಎಂಬ ಮಾತಿಗೆ ಮೊದಲು ಬಂದ ಅರ್ಥಗಳಲ್ಲಿ ಇದೂ ಒಂದು.

ಬಾಗಿಲು ತೆರೆದ ಮೇಲೆ ಒಳಗೇನಿತ್ತು? ಗೋಣಿತಾಟು. ಸಾತಾರದ ಶಾಲೆಯಲ್ಲಿ ಬಾಲಕ ಭೀಮರಾವ್ ಮೂಲೆಯಲ್ಲಿ ತಾನೇ ತಂದ ಗೋಣಿಯ ಮೇಲೆ ಕೂರಬೇಕಿತ್ತು. ಶಾಲೆ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ, ಅದಕ್ಕೇ ಸಂಜೆ ಮನೆಗೆ ಹೊತ್ತು ಬೆಳಿಗ್ಗೆ ಮತ್ತೆ ತರಬೇಕಿತ್ತು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲವೋ, ನೀರೂ ಇಲ್ಲ. ಶಾಲೆಗೆ ಗೋಡೆ ಇತ್ತು, ಸೂರು ಇತ್ತು, ಮೇಷ್ಟ್ರು ಇದ್ದರು. ಒಂದು ಮಗು ಮಾತ್ರ ಬಾಯಾರಿ ಕೂತಿತ್ತು. ಇದನ್ನು ಯಾವ ಕ್ಯಾಮೆರಾ ಹಿಡಿದೀತು?

ಆ ಬಾಲಕ ಸುಮ್ಮನೆ ಕೂರಲಿಲ್ಲ. 1923ರಲ್ಲಿ ಎಸ್.ಕೆ. ಬೋಲೆಯವರು ತಂದ ಠರಾವಿನಂತೆ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳು ಅಸ್ಪೃಶ್ಯರಿಗೂ ಸೇರಿದ್ದು ಎಂದಿತು. ಠರಾವು ಕಾಗದದಲ್ಲೇ ಉಳಿದಾಗ 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗೆ ಜನರನ್ನು ಕರೆದುಕೊಂಡು ಹೋದರು. 1928ರಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿಯಿಂದ ವಸತಿ ನಿಲಯಗಳು ನಡೆದವು. ಅವುಗಳಲ್ಲಿ ಒಂದು ಧಾರವಾಡದಲ್ಲಿತ್ತು. ಹುಡುಗನೊಬ್ಬನನ್ನು ಹೊರಗೆ ನಿಲ್ಲಿಸಿದ ಊರಿನಲ್ಲೇ ನಮ್ಮ ಮಕ್ಕಳಿಗೊಂದು ಸೂರಾಯಿತು. ಇದಕ್ಕಿಂತ ದೊಡ್ಡ ಉತ್ತರ ಬೇಕೆ?

ಅದೇ ನೆನಪಿನಲ್ಲಿ ನಮ್ಮ ದಲಿತ ಸಂಘರ್ಷ ಸಮಿತಿಯೂ ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಎಂದು ಬೀದಿಗಿಳಿಯಿತು. ವಸತಿ ಶಾಲೆಗಳು ಬಂದವು. ಅವುಗಳಲ್ಲಿ ಓದಿದ ಎಷ್ಟೋ ಮಕ್ಕಳು ಮೇಷ್ಟ್ರಾದರು, ನರ್ಸಾದರು. ಆದರೆ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಬಳಿಸಿದ್ದು ಬಯಲಾಯಿತು. ದಾರಿ ದಾಟಿ, ಬಾಗಿಲು ದಾಟಿ, ಗೋಣಿತಾಟು ದಾಟಿ ಬಂದ ಮಗು ಕೊನೆಗೆ ಗುಂಡಿಗೆ ಬಂತು. ಅದೂ ನಾವೇ ಕೇಳಿ ಪಡೆದ ಶಾಲೆಯಲ್ಲಿ. ಸುದ್ದಿ ಹೊರಗೆ ಬಂದದ್ದು ವಿಡಿಯೋದಿಂದ. ವಿಡಿಯೋ ಬರದೇ ಇದ್ದಿದ್ದರೆ? ಹೆತ್ತವರು ದೂರದ ಊರಲ್ಲಿ ಕೂಲಿ ಮಾಡುತ್ತಾ, ಮಗ ಓದುತ್ತಿದ್ದಾನೆ ಎಂದುಕೊಂಡೇ ಇರುತ್ತಿದ್ದರು.

ಬಡವರ ಮಕ್ಕಳ ಮೇಲಿನ ಉದಾಸೀನ ಬರೀ ಒಂದು ಜಾತಿಗೆ ನಿಲ್ಲುವುದಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಬಿಸಿಯೂಟದ ಅಡುಗೆಮನೆಯ ಬೆಂಕಿ ಗರಿ ಹೊದಿಸಿದ ಸೂರಿಗೆ ಹತ್ತಿ 94 ಮಕ್ಕಳು ಸತ್ತರು. ಆ ಮೇಲೆ, 2009ರಲ್ಲಿ, ಸುಪ್ರೀಂ ಕೋರ್ಟು ಓದುವ ಹಕ್ಕಿನೊಳಗೇ ಅಪಾಯವಿಲ್ಲದ ಶಾಲೆಯ ಹಕ್ಕೂ ಇದೆ ಎಂದಿತು. ಮೊದಲು ಹೆಣ, ಆಮೇಲೆ ಹಕ್ಕು. ನಮ್ಮ ದೇಶದ ರೀತಿಯೇ ಹೀಗೆ.

ಕಾನೂನುಗಳು ಈಗ ನಮ್ಮ ಕಡೆಗಿವೆ. 2010ರ ಏಪ್ರಿಲಿನಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಹೊಡೆಯಬಾರದು, ಮಾನಸಿಕವಾಗಿ ಹಿಂಸಿಸಬಾರದು ಎನ್ನುತ್ತದೆ. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳಿರಬೇಕು, ಅರ್ಧ ಜನ ಹೆಂಗಸರಿರಬೇಕು, ದುರ್ಬಲ ವರ್ಗದ ಪೋಷಕರಿಗೆ ಅವರ ಪಾಲು ಸಿಗಬೇಕು ಎನ್ನುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ಬಾಯಿ ಮುಚ್ಚಿಕೊಂಡವರು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧಿಗಳು. ಕರ್ನಾಟಕದಲ್ಲಂತೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದಲೇ ಇವೆ.

ಇವೆ ಸರಿ. ನಡೆಯುವುದು ಹ್ಯಾಗೆ? ಎಷ್ಟೋ ಕಡೆ ಸಭೆಯ ದಿನ ಕೇರಿಯ ಸದಸ್ಯೆ ಕಳೆ ಕೀಳಲು ಹೋಗಿರುತ್ತಾಳೆ. ಸಂಜೆ ರಿಜಿಸ್ಟರೇ ಮನೆ ಬಾಗಿಲಿಗೆ ಬರುತ್ತದೆ. "ಒಂದು ಸೈನು ಹಾಕಮ್ಮ" ಅನ್ನುತ್ತಾರೆ, ಆಕೆ ಹೆಬ್ಬೆಟ್ಟು ಒತ್ತುತ್ತಾಳೆ. ಏನು ಬರೆದಿದೆ ಎಂದು ಯಾರೂ ಓದಿ ಹೇಳುವುದಿಲ್ಲ. ಧಾರವಾಡದ ಹುಡುಗನ ಕಾಗದ ಲಂಡನ್ನಿನವರೆಗೆ ಹೋಯಿತು, ಈಕೆಯ ಶಾಲೆಯ ಕಾಗದ ಕೇರಿಯವರೆಗೂ ಬಿಚ್ಚಿ ಬರುವುದಿಲ್ಲ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ, ಕಾರ್ಯಕರ್ತರಲ್ಲಿ ನಮ್ಮದು ಒಂದೇ ಕೋರಿಕೆ. ಸಭೆ ಕೂಲಿ ಮುಗಿದ ಹೊತ್ತಿಗೆ ನಡೆಯಲಿ, ಒಂದು ತಿಂಗಳು ಕೇರಿಯಲ್ಲೇ ನಡೆಯಲಿ. ರಿಜಿಸ್ಟರನ್ನು ಗಟ್ಟಿಯಾಗಿ ಓದಿ. ಅಡುಗೆಮನೆಯ ಸೂರು, ಬಾವಿಯ ಕಟ್ಟೆ, ರಸ್ತೆ ದಾಟುವ ಜಾಗ ಇವುಗಳನ್ನು ಪೋಷಕರೇ ನೋಡಿ ಬರಲಿ. ಮಗು ಮನೆಗೆ ಬಂದಾಗ ಎಷ್ಟು ಮಾರ್ಕ್ಸು ಎಂದು ಕೇಳುವ ಮೊದಲು ಇಷ್ಟು ಕೇಳಿ: ಎಲ್ಲಿ ಕೂತೆ? ಯಾವ ಲೋಟದಲ್ಲಿ ನೀರು ಕುಡಿದೆ? ಊಟಕ್ಕೆ ಯಾರ ಪಕ್ಕ ಕೂತೆ? ಕಕ್ಕಸು ತೊಳೆದವರು ಯಾರು? ಯಾರಾದರೂ ಮೈ ಮುಟ್ಟಿದರೇ, ಹೊಡೆದರೇ? ಉತ್ತರ ಸರಿ ಬರದಿದ್ದರೆ ಸಮಿತಿಗೆ ಹೋಗಿ. ಅಲ್ಲಿ ಕೇಳದಿದ್ದರೆ 1098ಕ್ಕೆ ಫೋನು ಮಾಡಿ.

1856ರ ಆ ಹುಡುಗ ಒಬ್ಬನೇ ಅರ್ಜಿ ಹಿಡಿದು ನಿಂತಿದ್ದ. ಇನ್ನು ಯಾವ ಮಗುವೂ ಹಾಗೆ ಒಂಟಿಯಾಗಿ ನಿಲ್ಲಬಾರದು. ತಮಟೆ ಇನ್ನೂ ನಮ್ಮ ಕೈಯಲ್ಲೇ ಇದೆ. ಮುಂದಿನ ಡಂಗುರ ಶಾಲೆಯದಾಗಲಿ.