ಬಡವರ ಹೊರೆಯನ್ನು ಬಡವರೇ ಹೊರಬೇಕೆ?

ಪುರಸಭೆ, ನಗರಸಭೆಗಳ ಬಜೆಟ್ ಸುದ್ದಿ ಬಂದರೆ ನಾವು ಸಾಮಾನ್ಯವಾಗಿ ಪುಟ ತಿರುಗಿಸುತ್ತೇವೆ. ತೆರಿಗೆ, ಅನುದಾನ, ಬಾಕಿ ಎಂಬ ಒಣ ಲೆಕ್ಕದಲ್ಲಿ ನಮಗೇನು ಕೆಲಸ ಎಂದುಕೊಳ್ಳುತ್ತೇವೆ. ಆದರೆ ಇಂಥ ಲೆಕ್ಕಕ್ಕಾಗಿಯೇ ಒಂದು ಪ್ರದೇಶದ 30 ಮಂದಿ ಜನಪ್ರತಿನಿಧಿಗಳು ಜೈಲು ಸೇರಿದ ಇತಿಹಾಸವಿದೆ. ಅದು ನಡೆದದ್ದು 1921ರಲ್ಲಿ, ಬ್ರಿಟಿಷ್ ಸಾಮ್ರಾಜ್ಯದ ರಾಜಧಾನಿ ಲಂಡನ್ನಿನಲ್ಲಿ.

ಪೂರ್ವ ಲಂಡನ್ನಿನ ಪಾಪ್ಲರ್, ಹಡಗುಕಟ್ಟೆಯ ಕೂಲಿಗಳು ನೆಲೆಸಿದ್ದ ಪ್ರದೇಶ. ಮೊದಲ ಮಹಾಯುದ್ಧದ ನಂತರ ವ್ಯಾಪಾರ ಕುಸಿದು ಅಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಆಗಿನ ಕಾನೂನಿನಂತೆ, ಮನೆಯಲ್ಲಿರುವ ನಿರ್ಗತಿಕರಿಗೆ ಕೊಡುವ ನೆರವಿನ ಖರ್ಚನ್ನು ಆಯಾ ಪ್ರದೇಶವೇ ಭರಿಸಬೇಕಿತ್ತು. ಆ ಹಣ ಅಲ್ಲಿನ ಕಟ್ಟಡಗಳ ಮೇಲಿನ ತೆರಿಗೆಯಿಂದಲೇ ಬರಬೇಕು. ಪೌಂಡಿಗೆ ಒಂದು ಪೆನ್ನಿಯಂತೆ ತೆರಿಗೆ ಹಾಕಿದರೆ ಶ್ರೀಮಂತರ ವೆಸ್ಟ್‌ಮಿನ್‌ಸ್ಟರ್‌ಗೆ ಸುಮಾರು 30 ಸಾವಿರ ಪೌಂಡ್ ಬರುತ್ತಿತ್ತು. ಪಾಪ್ಲರಿಗೆ ಸುಮಾರು ಮೂರೂವರೆ ಸಾವಿರ. ಹಸಿದವರು ಹೆಚ್ಚಿದ್ದಲ್ಲಿ ಹಣ ಕಡಿಮೆ, ಹಣ ಹೆಚ್ಚಿದ್ದಲ್ಲಿ ಹಸಿದವರು ಕಡಿಮೆ!

1919ರ ಚುನಾವಣೆಯಲ್ಲಿ ಪಾಪ್ಲರ್ ಕೌನ್ಸಿಲ್ ಲೇಬರ್ ಪಕ್ಷದ ಕೈಗೆ ಬಂತು. ಜಾರ್ಜ್ ಲ್ಯಾನ್ಸ್‌ಬರಿ ಮೇಯರ್ ಆದರು. ಕೌನ್ಸಿಲಿನ ನೌಕರರಿಗೆ, ಹೆಂಗಸರಿಗೂ ಗಂಡಸರಿಗೂ ಸಮಾನವಾಗಿ, ವಾರಕ್ಕೆ 4 ಪೌಂಡ್ ಕನಿಷ್ಠ ವೇತನ ಗೊತ್ತುಮಾಡಿದರು. ಆದರೆ ನಿರುದ್ಯೋಗ ಏರಿದಂತೆ ಕೌನ್ಸಿಲಿನ ಮುಂದೆ ಎರಡೇ ದಾರಿ ಉಳಿದವು: ನೆರವು ಕಡಿತಗೊಳಿಸುವುದು, ಇಲ್ಲವೇ ಬಡ ಬಾಡಿಗೆದಾರರ ಮೇಲೆ ಇನ್ನಷ್ಟು ತೆರಿಗೆ ಹೇರುವುದು.

ಅವರು ಮೂರನೆಯ ದಾರಿ ಹಿಡಿದರು. ಲಂಡನ್ ಕೌಂಟಿ ಕೌನ್ಸಿಲ್, ಪೊಲೀಸ್, ನೀರು ಸರಬರಾಜು ಮೊದಲಾದ ಮಹಾನಗರದ ಸಂಸ್ಥೆಗಳ ಪಾಲಿನ ಹಣವನ್ನು ಪ್ರತಿಯೊಂದು ಪ್ರದೇಶವೂ ವಸೂಲು ಮಾಡಿ ಕೊಡಬೇಕಿತ್ತು. 1921ರ ಮಾರ್ಚ್‌ನಲ್ಲಿ ಪಾಪ್ಲರ್ ಅದನ್ನು ವಸೂಲು ಮಾಡುವುದಿಲ್ಲ ಎಂದಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. ಜುಲೈ 29ರಂದು ಕೌನ್ಸಿಲರುಗಳು ಬ್ಯಾಂಡ್ ಬಾರಿಸುತ್ತಾ ಜನರೊಡನೆ ಕೋರ್ಟಿಗೆ ಮೆರವಣಿಗೆಯಲ್ಲಿ ನಡೆದರು. ಆದೇಶ ಪಾಲಿಸದ್ದಕ್ಕೆ ಸೆಪ್ಟೆಂಬರಿನಲ್ಲಿ ಅವರನ್ನು ಜೈಲಿಗೆ ಹಾಕಲಾಯಿತು: ಗಂಡಸರನ್ನು ಬ್ರಿಕ್ಸ್‌ಟನ್‌ಗೆ, ಐವರು ಹೆಂಗಸರನ್ನು ಹಾಲೊವೇಗೆ. ಅವರಲ್ಲಿ ನೆಲ್ಲಿ ಕ್ರೆಸ್ಸಲ್ ಗರ್ಭಿಣಿಯಾಗಿದ್ದರು. ಕೌನ್ಸಿಲ್ ಸಭೆಗಳು ಬ್ರಿಕ್ಸ್‌ಟನ್ ಜೈಲಿನೊಳಗೇ ನಡೆದವು. ಹೆಂಗಸರನ್ನು ಅಲ್ಲಿಗೆ ಕರೆತರಲಾಗುತ್ತಿತ್ತು. ನೆರೆಯ ಸ್ಟೆಪ್ನಿ, ಬೆತ್ನಲ್ ಗ್ರೀನ್ ಕೌನ್ಸಿಲುಗಳೂ ಇದೇ ದಾರಿ ಹಿಡಿಯುವುದಾಗಿ ತೀರ್ಮಾನಿಸಿದವು. ಅಕ್ಟೋಬರ್ 12ರಂದು ಬಂಧಿತರ ಬಿಡುಗಡೆಯಾಯಿತು. ಅದೇ ವರ್ಷ ಪಾರ್ಲಿಮೆಂಟ್ ಕಾನೂನು ಮಾಡಿ, ಮನೆಯಲ್ಲಿರುವ ಬಡವರ ನೆರವಿನ ಖರ್ಚನ್ನೂ ಇಡೀ ಲಂಡನ್ನಿಗೆ ಹಂಚಿತು.

‘ಬಡವನ ಕೋಪ ದವಡೆಗೆ ಮೂಲ’ ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಹಾಗಾಗಲಿಲ್ಲ. ಆದರೆ ಬೆಲೆ ತೆರದೆ ಏನೂ ದಕ್ಕಲಿಲ್ಲ. ಜೈಲಿಗೆ ಹೋಗಿಬಂದ ಮಿನ್ನಿ ಲ್ಯಾನ್ಸ್‌ಬರಿ 1922ರ ಜನವರಿ 1ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಅವರಿಗಿನ್ನೂ 32 ವರ್ಷ. ಕಾನೂನು ಮುರಿಯುವುದು ಸರಿಯಲ್ಲವೆಂದು ಅವರದೇ ಪಕ್ಷದ ಹರ್ಬರ್ಟ್ ಮಾರಿಸನ್ ವಿರೋಧಿಸಿದ್ದರು. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ತಡೆಹಿಡಿದ ಹಣದಲ್ಲಿ ಆಸ್ಪತ್ರೆಗಳ ಪಾಲೂ ಇತ್ತು. ಗೆಲುವೂ ಪೂರ್ಣವಾಗಿರಲಿಲ್ಲ. 1926ರ ಕಾನೂನಿನಿಂದ ಸರಕಾರ, ಬಡವರ ನೆರವಿನ ಚುನಾಯಿತ ಮಂಡಳಿಗಳನ್ನು ತೆಗೆದು ತನ್ನವರನ್ನು ಕೂರಿಸುವ ಅಧಿಕಾರ ಪಡೆಯಿತು. ಪಕ್ಕದ ವೆಸ್ಟ್ ಹ್ಯಾಮ್ ಮಂಡಳಿಗೆ ಆ ಗತಿಯೇ ಆಯಿತು.

ಹಣವಿಲ್ಲವೆಂದು ಒಂದು ಶಾಲೆ ಮುಚ್ಚಿದಾಗ, ಒಂದು ಆಸ್ಪತ್ರೆಗೆ ಔಷಧಿ ಬಾರದಿದ್ದಾಗ ನಾವು ಸ್ಥಳೀಯ ಸಂಸ್ಥೆಯನ್ನು ಬೈದು ಸುಮ್ಮನಾಗುತ್ತೇವೆ. ಅಲ್ಲಿ ಭ್ರಷ್ಟಾಚಾರವಿದ್ದರೆ ಬೈಯಲೇಬೇಕು. ಆದರೆ ಹೊಣೆಯನ್ನು ಹೊರಿಸಿದವರು ಅದನ್ನು ಹೊರುವ ಶಕ್ತಿಯನ್ನೂ ಕೊಟ್ಟಿದ್ದರೇ ಎಂಬುದನ್ನೂ ಕೇಳಬೇಕು. ಪಾಪ್ಲರಿನ ಜನ ಭಿಕ್ಷೆ ಬೇಡಲಿಲ್ಲ. ತಮ್ಮ ದುಡಿಮೆಯಿಂದ ಬೆಳೆದ ಮಹಾನಗರ ತಮ್ಮ ಕಷ್ಟದಲ್ಲೂ ಪಾಲುದಾರನಾಗಲಿ ಎಂದರು. ಅದು ನ್ಯಾಯದ ಬೇಡಿಕೆಯಾಗಿತ್ತು.