ಯಾರ ಮೇಲೆ ಎಷ್ಟು ಭಾರ: ಮಲಪ್ರಭಾ ಸೀಮೆಯಿಂದ ತೆರಿಗೆ ನ್ಯಾಯದ ಒಂದು ಸಮೀಕ್ಷೆ

ಸಿರಿವಂತರ ಮೇಲಿನ ತೆರಿಗೆಯನ್ನು ಇಳಿಸಿದರೆ ಹೂಡಿಕೆ ಹೆಚ್ಚಿ ಅದರ ಫಲ ಕ್ರಮೇಣ ಎಲ್ಲರಿಗೂ ತಲುಪುತ್ತದೆ ಎಂಬ ವಾದ ಕಳೆದ ನಾಲ್ಕು ದಶಕಗಳಲ್ಲಿ ಬಲವಾಗಿ ಬೇರೂರಿದ್ದು, ಆ ವಾದದ ಬೆಂಬಲಕ್ಕೆ 1980ರ ನರಗುಂದ, ನವಲಗುಂದ, ಸವದತ್ತಿ ರೈತ ಬಂಡಾಯವನ್ನೂ ಕರೆತರುವವರಿದ್ದಾರೆ. ಈ ನಾಡಿನ ಜನ ತೆರಿಗೆಯನ್ನೇ ಧಿಕ್ಕರಿಸಿದವರು, ಆದ್ದರಿಂದ ಯಾವ ತೆರಿಗೆ ಇಳಿದರೂ ಅದು ಅವರ ಆಶಯಕ್ಕೆ ಹತ್ತಿರ ಎಂಬ ಈ ಓದು ತಪ್ಪು ಮಾತ್ರವಲ್ಲ, ಆ ಹೋರಾಟಕ್ಕೆ ಮಾಡುವ ಅನ್ಯಾಯವೂ ಹೌದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ ಎದ್ದ ಪ್ರಶ್ನೆ ಕರ ಬೇಕೋ ಬೇಡವೋ ಎಂಬುದಾಗಿರಲಿಲ್ಲ. ಯಾರ ಮೇಲೆ, ಯಾವ ಆಧಾರದಲ್ಲಿ, ಎಷ್ಟು ಎಂಬುದಾಗಿತ್ತು.

ಇದರ ಪೂರ್ವೇತಿಹಾಸ ದೀರ್ಘವಾದುದು. 1824ರಲ್ಲಿ ಕಿತ್ತೂರು ಬ್ರಿಟಿಷರ ವಶವಾದ ಮೇಲೆ ಸಂಗೊಳ್ಳಿ ರಾಯಣ್ಣನ ಪಡೆ ಬೀಡಿ ಊರಿನ ಸರ್ಕಾರಿ ಕಚೇರಿಗೆ ಬೆಂಕಿ ಹಚ್ಚಿದ್ದನ್ನು ಶೌರ್ಯದ ಕಥೆಯಾಗಿ ಓದಿದಷ್ಟು ಕಂದಾಯದ ಇತಿಹಾಸವಾಗಿ ಓದಿದ್ದು ಕಡಿಮೆ. ಮುಂದೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಮುಂಬಯಿ ಸರ್ವೆ ಪದ್ಧತಿ ಈ ಸೀಮೆಗೂ ಬಂದು, ಮಣ್ಣಿನ ಬಣ್ಣ, ಆಳ, ದೋಷಗಳನ್ನು ನೋಡಿ ಹೊಲವನ್ನು ಆಣೆಗಳಲ್ಲಿ ಅಳೆದು ಮೂವತ್ತು ವರ್ಷಗಳ ಮಟ್ಟಿಗೆ ಆಕಾರವನ್ನು, ಅಂದರೆ ಹೊಲದ ವಾರ್ಷಿಕ ಕಂದಾಯವನ್ನು, ನಿಗದಿ ಮಾಡಿತು. ಹೊಲದ ಸತ್ವವನ್ನು ಇಷ್ಟು ಸೂಕ್ಷ್ಮವಾಗಿ ತೂಗಿದ ಆ ಪದ್ಧತಿ ಹೊಲದೊಡೆಯನ ಒಟ್ಟು ಆಸ್ತಿ ಎಷ್ಟೆಂದು ಕೇಳಲಿಲ್ಲ. ನಾಲ್ಕು ಎಕರೆಯವನಿಗೂ ನಾನೂರು ಎಕರೆಯವನಿಗೂ ಒಂದೇ ತರಗತಿಯ ಮಣ್ಣಿಗೆ ಒಂದೇ ದರ. ಸ್ವಾತಂತ್ರ್ಯಪೂರ್ವದ ಕೊನೆಯ ದೊಡ್ಡ ಪ್ರಕರಣವೆಂದರೆ ರಾಮದುರ್ಗ ಸಂಸ್ಥಾನದ್ದು: ಪ್ರಜಾಸಂಘದ ಚಳವಳಿ 1939ರ ಏಪ್ರಿಲ್‌ನಲ್ಲಿ ಹಿಂಸೆಗೆ ತಿರುಗಿ ಗಾಂಧೀಜಿಯವರೇ ಅದನ್ನು ಖಂಡಿಸಿದ್ದರಿಂದ, ತೆರಿಗೆ ಇಳಿಸಬೇಕೆಂಬ ಅದರ ಮೂಲ ಬೇಡಿಕೆ ಇತಿಹಾಸದ ಬರವಣಿಗೆಯಲ್ಲಿ ಹಿಂದೆ ಸರಿಯಿತು.

ಅತ್ತ ಆದಾಯ ತೆರಿಗೆಯ ಕಥೆ ಬೇರೆಯೇ ದಾರಿಯಲ್ಲಿ ನಡೆದಿತ್ತು. 1886ರ ಕಾಯಿದೆ ಕೃಷಿ ಆದಾಯವನ್ನು ಹೊರಗಿಟ್ಟಿತು. ಸ್ವಾತಂತ್ರ್ಯಾನಂತರ ಜಾನ್ ಮಥಾಯ್ ಆಯೋಗ ವರದಿ ಕೊಟ್ಟ ಬಳಿಕ ಕೇಂಬ್ರಿಜ್‌ನ ನಿಕೊಲಸ್ ಕಾಲ್ಡರ್ 1956ರಲ್ಲಿ ಆದಾಯ, ಸಂಪತ್ತು, ವೆಚ್ಚ, ದಾನ ಇವೆಲ್ಲವುಗಳ ಮೇಲಿನ ತೆರಿಗೆಗಳು ಒಂದಕ್ಕೊಂದು ಕಾವಲಿರುವಂಥ ವ್ಯವಸ್ಥೆಯನ್ನು ಸೂಚಿಸಿದರು. ಆದಾಯ ತೆರಿಗೆಯ ಗರಿಷ್ಠ ದರ ಶೇ 45 ಸಾಕೆಂದು ಅವರು ಹೇಳಿದ್ದನ್ನು ಮರೆತು ಸರ್ಕಾರ ದರವನ್ನು ಏರಿಸುತ್ತಲೇ ಹೋಯಿತು; 1973–74ರಲ್ಲಿ ಅದು ಶೇ 97.75ಕ್ಕೆ ಮುಟ್ಟಿತು. ಕಾಗದದ ಮೇಲಿನ ಈ ದರ ವಸೂಲಿಯಾಗದೆ ತೆರಿಗೆಗಳ್ಳತನವನ್ನು ಬೆಳೆಸಿತೆಂಬುದನ್ನು ಏರುಮುಖ ತೆರಿಗೆಯ ಪರವಾದವರೂ ಒಪ್ಪಬೇಕು. ಆದಾಯ ಹೆಚ್ಚಿದಂತೆ ದರವೂ ಹೆಚ್ಚುವ ತೆರಿಗೆಗೆ ಏರುಮುಖ ತೆರಿಗೆಯೆನ್ನುತ್ತಾರೆ. ದರ ಅತಿಯಾಗಿದ್ದುದು ಆ ತತ್ವದ ದೋಷವಲ್ಲ, ಅದರ ಆಡಳಿತದ ದೋಷ.

ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ 1970ರ ದಶಕದಲ್ಲಿ ಕಾಲುವೆಗೆ ನೀರು ಬಿಟ್ಟಾಗ ಈ ಎಲ್ಲ ಪ್ರಶ್ನೆಗಳೂ ಒಂದೇ ಕಡೆ ಕೂಡಿದವು. ಸಾರ್ವಜನಿಕ ಹಣದಿಂದ ನೀರಾವರಿ ಬಂದು ಹೊಲದ ಬೆಲೆ ಏರಿದರೆ ಆ ಏರಿಕೆಯ ಒಂದು ಪಾಲು ಸರ್ಕಾರಕ್ಕೆ ಮರಳಬೇಕೆಂಬುದು ಬೆಟರ್‌ಮೆಂಟ್ ಲೆವಿಯ ತರ್ಕ. ಅರ್ಥಶಾಸ್ತ್ರದಲ್ಲಿ ಇದು ಪ್ರಯೋಜನ ತತ್ವ, ಅಂದರೆ ಲಾಭ ಪಡೆದವನು ಅದಕ್ಕೆ ತಕ್ಕಂತೆ ತೆರಬೇಕೆಂಬ ನಿಯಮ. ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲುಪುವ ಮೊದಲೇ ಕರದ ನೋಟೀಸು ತಲುಪಿತು; ನೀರು ನಿಂತ ಎರೆಹೊಲಗಳು ಜೌಳು ಹಿಡಿದವು; ಧಾರವಾಡದ ಸಂಶೋಧನೆಯಿಂದ 1972ರಲ್ಲಿ ಬಂದ ವರಲಕ್ಷ್ಮಿ ಹತ್ತಿಯನ್ನು ನಂಬಿ ಬೀಜ, ಗೊಬ್ಬರ, ಔಷಧಿಗೆ ಸಾಲ ಮಾಡಿದವರು ದಶಕದ ಕೊನೆಗೆ ಬೆಲೆ ಕುಸಿದಾಗ ಕೈಚೆಲ್ಲಿದರು. ಹಣವಿಲ್ಲದ ಕೈಯಿಂದ ಕರ ಕೇಳಿದ್ದು ತೆರಿಗೆಯ ಎರಡನೆಯ ನಿಯಮವನ್ನು, ಅಂದರೆ ಕೊಡುವವನ ಶಕ್ತಿಯನ್ನು ನೋಡಬೇಕೆಂಬ ಸಾಮರ್ಥ್ಯ ತತ್ವವನ್ನು, ಮುರಿದಂತಾಯಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆಯಿತು. ಸಾವು ಎರಡೂ ಕಡೆ ಆಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು.

ಈ ಹೋರಾಟದ ಕಾಲದ ಅರ್ಥಶಾಸ್ತ್ರಜ್ಞರೇ ತೆರಿಗೆಯ ಪ್ರಶ್ನೆಯನ್ನು ಕಚೇರಿಯಿಂದ ಹೊಲಕ್ಕೆ ತಂದವರು. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯಲ್ಲಿದ್ದ ಎಂ.ವಿ. ನಾಡಕರ್ಣಿ 1987ರ ತಮ್ಮ ಗ್ರಂಥದಲ್ಲಿ ರೈತ ಚಳವಳಿಗಳ ವರ್ಗಸ್ವರೂಪವನ್ನು, ಸಣ್ಣ ಹಿಡುವಳಿದಾರರಿಗೂ ಕೂಲಿಕಾರರಿಗೂ ಅವುಗಳಲ್ಲಿ ದಕ್ಕಿದ್ದೇನೆಂಬುದನ್ನು, ಗಂಭೀರವಾಗಿ ಪರಿಶೀಲಿಸಿದರು. ಧಾರವಾಡದಲ್ಲಿ ಪಾಠ ಹೇಳಿದ ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ತೋರಿಸಿ, ಖರ್ಚಿನ ನ್ಯಾಯವನ್ನು ತಾಲ್ಲೂಕಿನ ಅಳತೆಗೆ ಇಳಿಸಿತು. ಆದಾಯದ ಕಡೆಗೂ ಇಂಥದೇ ಒಂದು ಲೆಕ್ಕ ಬರಬೇಕಿತ್ತು, ಬರಲಿಲ್ಲ.

ಅಷ್ಟರಲ್ಲಿ ಮೇಲಿನ ಸ್ತರದ ತೆರಿಗೆಗಳು ಒಂದೊಂದಾಗಿ ಕಳಚಿದವು. 1985ರಲ್ಲಿ ಗರಿಷ್ಠ ದರ ಶೇ 50ಕ್ಕೆ ಇಳಿದು, ಪಿತ್ರಾರ್ಜಿತದ ಮೇಲಿನ ಎಸ್ಟೇಟ್ ಸುಂಕ ರದ್ದಾಯಿತು. 1997ರಲ್ಲಿ ದರ ಶೇ 30ಕ್ಕೆ ಬಂತು. 2015ರಲ್ಲಿ ಸಂಪತ್ತು ತೆರಿಗೆ ಹೋಯಿತು. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕಡಿಮೆಯಾಗುವುದೆಂದು ಸರ್ಕಾರವೇ ಅಂದಾಜಿಸಿತು. 2023ರಲ್ಲಿ ಹೊಸ ಪದ್ಧತಿಯಡಿ ಅತಿ ಹೆಚ್ಚು ಆದಾಯದವರ ಸರ್ಚಾರ್ಜ್ ಶೇ 37ರಿಂದ 25ಕ್ಕೆ ಇಳಿದು, ಅವರ ಒಟ್ಟು ದರ ಶೇ 42.74ರಿಂದ 39ಕ್ಕೆ ಬಂತು. ಇದೇ ಅವಧಿಯನ್ನು ಅಳೆದ ಲೂಕಾ ಶಾನ್ಸೆಲ್, ತೋಮಾ ಪಿಕೆಟಿ ಮುಂತಾದವರು, 1980ರ ದಶಕದ ಆರಂಭದಲ್ಲಿ ಶೇ 6ರ ಆಸುಪಾಸಿನಲ್ಲಿದ್ದ ಮೇಲಿನ ಶೇ 1 ಜನರ ಆದಾಯದ ಪಾಲು 2022–23ಕ್ಕೆ ಶೇ 22 ದಾಟಿದೆಯೆಂದು ಲೆಕ್ಕ ಹಾಕಿದ್ದಾರೆ. ಅವರ ವಿಧಾನದ ಬಗ್ಗೆ ತಕರಾರುಗಳಿವೆ. ದಿಕ್ಕಿನ ಬಗ್ಗೆ ತಕರಾರು ಮಾಡುವುದು ಕಷ್ಟ.

ಆದಾಯ ತೆರಿಗೆ ಕಟ್ಟುವ ಕೆಲವೇ ಜನ ಉಳಿದವರನ್ನು ಹೊತ್ತಿದ್ದಾರೆಂಬ ಮಾತಿಗೆ ಬೈಲಹೊಂಗಲದ ಹತ್ತಿ ಬೆಳೆಗಾರನ ಖರ್ಚೇ ಉತ್ತರ ಕೊಡುತ್ತದೆ. ಅವನು ಕೊಳ್ಳುವ ರಾಸಾಯನಿಕ ಕೀಟನಾಶಕಕ್ಕೆ 2017ರಿಂದ ಶೇ 18 ಜಿಎಸ್‌ಟಿ ಇದೆ. ಕಾರ್ಖಾನೆಯವನು ಕಚ್ಚಾವಸ್ತುವಿನ ಮೇಲೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಜಿಎಸ್‌ಟಿ ನೋಂದಣಿಯಿಲ್ಲದ ಬೆಳೆಗಾರನಿಗೆ ಆ ಅವಕಾಶವಿಲ್ಲವಾದ್ದರಿಂದ ಆ ತೆರಿಗೆ ಅವನ ಖರ್ಚಿನಲ್ಲೇ ಉಳಿಯುತ್ತದೆ. ಕಂಪನಿ ತೆರಿಗೆ ಇಳಿದ ಎಂಟು ತಿಂಗಳೊಳಗೆ, 2020ರ ಮೇ ತಿಂಗಳಲ್ಲಿ, ಡೀಸೆಲ್ ಮೇಲಿನ ಕೇಂದ್ರದ ಸುಂಕ ಲೀಟರಿಗೆ 13 ರೂಪಾಯಿ ಏರಿತು. ಜಾಗತಿಕ ತೈಲಬೆಲೆಯ ಕುಸಿತದ ಲಾಭ ರಾಮದುರ್ಗದ ಟ್ರ್ಯಾಕ್ಟರಿಗೆ ತಲುಪಲಿಲ್ಲ. ಕೊಳ್ಳುವವನ ಆದಾಯ ನೋಡದ ಇಂಥ ಪರೋಕ್ಷ ತೆರಿಗೆಯ ಭಾರ ಬಡವನ ಗಳಿಕೆಯಲ್ಲಿ ಹೆಚ್ಚಿನ ಪಾಲನ್ನು ತಿನ್ನುತ್ತದೆ.

ರೈತಪರ ಬರಹಗಳೂ ಒಂದು ಪ್ರಶ್ನೆಯನ್ನು ಬದಿಗಿಟ್ಟಿವೆ. ಕೃಷಿ ಆದಾಯದ ವಿನಾಯಿತಿ ಸಣ್ಣ ರೈತನ ಹೆಸರಿನಲ್ಲಿ ಉಳಿದಿದ್ದರೂ, ಒಣಬೇಸಾಯದ ಮೂರು ಎಕರೆಯವನ ಗಳಿಕೆ ತೆರಿಗೆಯ ಮಿತಿಯನ್ನೇ ಮುಟ್ಟದಿರುವುದರಿಂದ ಅದರ ನಿಜವಾದ ಲಾಭ ದೊಡ್ಡ ಹಿಡುವಳಿಗೂ, ಬೇರೆ ಆದಾಯವನ್ನು ಕೃಷಿಯದೆಂದು ತೋರಿಸುವವರಿಗೂ ಸಲ್ಲುತ್ತದೆ. ಮಣ್ಣು, ಬೆಳೆ, ನೀರಾವರಿಗಳನ್ನು ನೋಡಿ, ಸಣ್ಣವರನ್ನು ಬಿಟ್ಟು, ದೊಡ್ಡ ಹಿಡುವಳಿಗಳ ಮೇಲೆ ಏರುಮುಖ ತೆರಿಗೆ ಹಾಕಬೇಕೆಂದು ಕೆ.ಎನ್. ರಾಜ್ ಸಮಿತಿ 1972ರಲ್ಲೇ ಸೂಚಿಸಿತ್ತು. ಅದು ಜಾರಿಗೆ ಬರಲಿಲ್ಲ. ಅಂದು ದಾಖಲೆಗಳ ಕೊರತೆ ಒಂದು ನಿಜವಾದ ಅಡ್ಡಿಯಾಗಿತ್ತು. 2000ದ ಸುಮಾರಿಗೆ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂದ ಮೇಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಪ್ರತಿ ಹೊಲದ ಒಡೆತನ, ವಿಸ್ತೀರ್ಣ, ಬೆಳೆಗಳ ವಿವರ ಪಹಣಿಯ ರೂಪದಲ್ಲಿ ಕಂಪ್ಯೂಟರಿನಲ್ಲಿದೆ.